ಬೌಲ್ಡರಿಂಗ್ ಪ್ಯಾಡ್‌ಗಳಿಗೆ ಮನೆಯಲ್ಲೇ ಕೈಗಾಡಿ ಕಟ್ಟುವ ಬಗೆ

ಹಂಪಿಯ ಎದುರು ದಡದಲ್ಲಿ, ಆನೆಗೊಂದಿಯಿಂದ ಸಾಣಾಪುರದವರೆಗಿನ ಬಂಡೆಗಳ ನಡುವೆ ಬೌಲ್ಡರಿಂಗ್, ಅಂದರೆ ಹಗ್ಗವಿಲ್ಲದೆ ಬಂಡೆ ಏರುವ ಆಟ, ಆಡಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ: ತೋಳು ಸೋಲುವುದು ಬಂಡೆಯ ಮೇಲೆ, ಆದರೆ ಬೆನ್ನು ಸೋಲುವುದು ಬಂಡೆಗೆ ಹೋಗುವ ದಾರಿಯಲ್ಲಿ. ಬಿದ್ದಾಗ ಪೆಟ್ಟಾಗದಂತೆ ಬಂಡೆಯ ಕೆಳಗೆ ಹಾಸುವ ದಪ್ಪ ಮೆತ್ತೆಯೇ ಪ್ಯಾಡ್. ಮಡಚಿದ ಪ್ಯಾಡ್ ಒಂದರ ತೂಕ 6 ಕೆ.ಜಿ. ಆಸುಪಾಸು, ತೂಕಕ್ಕಿಂತ ಅದರ ಗಾತ್ರವೇ ಹೆಚ್ಚು ಕಷ್ಟ ಕೊಡುತ್ತದೆ. ಎತ್ತರದ ಬಂಡೆಯ ಕೆಳಗೆ ನೆಲವನ್ನು ಸರಿಯಾಗಿ ಮುಚ್ಚಲು ಮೂರು ಪ್ಯಾಡ್ ಬೇಕು, ಇಬ್ಬರೇ ಹೋದಾಗ ಮೂರನ್ನು ಹೊರುವುದು ಕಷ್ಟವೆಂದು ಎರಡಕ್ಕೇ ನಿಲ್ಲಿಸುತ್ತೇವೆ, ಮೂರನೆಯದು ಇರಬೇಕಾದ ಜಾಗದಲ್ಲೇ ಕಾಲು ಉಳುಕುತ್ತದೆ. ಕೈಗಾಡಿಯನ್ನು ನಾನು ಸೌಕರ್ಯಕ್ಕಿಂತ ಹೆಚ್ಚಾಗಿ ಸುರಕ್ಷತೆಯ ಸಾಧನವೆಂದು ಎಣಿಸುವುದು ಇದಕ್ಕಾಗಿಯೇ.

ಇಲ್ಲಿ ಕೊಟ್ಟಿರುವ ಅಳತೆಗಳು ಮಡಚಿದಾಗ ಸುಮಾರು 100 ಸೆಂ.ಮೀ. ಉದ್ದ, 65 ಸೆಂ.ಮೀ. ಅಗಲ ಮತ್ತು 25 ಸೆಂ.ಮೀ. ದಪ್ಪ ಇರುವ ಪ್ಯಾಡ್‌ಗಳಿಗೆ ಹೊಂದುತ್ತವೆ. ನಿಮ್ಮ ಪ್ಯಾಡನ್ನು ಮೊದಲು ಅಳೆದು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಮೊದಲು ಚಕ್ರಗಳನ್ನು ಹೊಂದಿಸಿಕೊಳ್ಳಬೇಕು. ಮಕ್ಕಳ ಸೈಕಲ್ಲಿನ 20 ಇಂಚಿನ ಮುಂದಿನ ಚಕ್ರಗಳು ಗುಜರಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ. ಸೂಟ್‌ಕೇಸಿನ ಗಾಲಿಯಂಥ ಚಿಕ್ಕ ಚಕ್ರಗಳು ಮುಷ್ಟಿ ಗಾತ್ರದ ಕಲ್ಲಿಗೇ ತಡೆದು ನಿಲ್ಲುತ್ತವೆ, ದೊಡ್ಡ ಚಕ್ರ ಅದನ್ನು ಹತ್ತಿ ಇಳಿಯುತ್ತದೆ. ಟೈರು 2.125 ಇಂಚು ಅಗಲದ್ದಾದರೆ ಮರಳಿನಲ್ಲಿ ಹೂತುಕೊಳ್ಳುವುದು ಕಡಿಮೆ.

ಆದರೆ ಸೈಕಲ್ ಚಕ್ರದ ಅಚ್ಚನ್ನು ಎರಡೂ ತುದಿಗಳಲ್ಲಿ ಹಿಡಿದಿಡುವಂತೆ ಮಾಡಿರುತ್ತಾರೆ ಎಂಬುದನ್ನು ಮರೆಯಬಾರದು. ನಾನು ಕಟ್ಟಿದ ಮೊದಲ ಗಾಡಿಯಲ್ಲಿ ಚಕ್ರಗಳನ್ನು ಚೌಕಟ್ಟಿನ ಹೊರಗೆ ಒಂದೇ ಬದಿಯ ಆಧಾರದ ಮೇಲೆ ಕೂರಿಸಿದ್ದೆ. ಎರಡನೆಯ ದಿನ, ಒಣಗಿದ ಕಾಲುವೆಯೊಂದನ್ನು ದಾಟುವಾಗ ಬಲಗಡೆಯ ಅಚ್ಚು ಬಾಗಿ, ಚಕ್ರದ ತಲೆ ಒಳಕ್ಕೆ ವಾಲಿ, ಟೈರು ಪ್ಯಾಡಿನ ಬಟ್ಟೆಯನ್ನು ಉಜ್ಜಿ ಅಂಗೈಯಗಲದ ತೂತು ಮಾಡಿತು. ಅಂದಿನಿಂದ ಪ್ರತಿ ಚಕ್ರಕ್ಕೂ ಒಳಗೊಂದು ಹೊರಗೊಂದು ಪೈಪನ್ನು ಕೊಡದೆ ನಾನು ಗಾಡಿ ಕಟ್ಟಿಲ್ಲ.

ಚೌಕಟ್ಟಿಗೆ 25 ಮಿ.ಮೀ. ಚೌಕದ, 18 ಗೇಜಿನ ಕಬ್ಬಿಣದ ಪೈಪು ಸಾಕು. ಒಟ್ಟು 9 ಮೀಟರಿನಷ್ಟು ಬೇಕಾಗುತ್ತದೆ, ತೂಕ ಸುಮಾರು 8 ಕೆ.ಜಿ. ಅಲ್ಯೂಮಿನಿಯಂ ಹಗುರವೆಂಬುದು ನಿಜವಾದರೂ ಅದನ್ನು ಬೆಸೆಯುವವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ, ಕಬ್ಬಿಣವನ್ನು ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಸರಿಪಡಿಸಿಕೊಳ್ಳಬಹುದು. 100 ಸೆಂ.ಮೀ. ಉದ್ದದ ಎರಡು ಪೈಪುಗಳನ್ನು ನಡುವೆ 52 ಸೆಂ.ಮೀ. ಅಂತರ ಬಿಟ್ಟು ನಾಲ್ಕು ಅಡ್ಡಪಟ್ಟಿಗಳಿಂದ ಜೋಡಿಸಿ. ಇವೇ ಒಳಗಿನ ಪೈಪುಗಳು. ಇವುಗಳ ಹೊರಬದಿಗೆ, ಚಕ್ರದ ಹಬ್ ಹಿಡಿಯುವಷ್ಟು, ಅಂದರೆ ಸುಮಾರು 10 ಸೆಂ.ಮೀ. ಜಾಗ ಬಿಟ್ಟು, 60 ಸೆಂ.ಮೀ. ಉದ್ದದ ಹೊರಗಿನ ಪೈಪುಗಳನ್ನು ತುಂಡುಗಳಿಂದ ಬೆಸೆಯಿರಿ. ಅಚ್ಚು ಕೂರಲು 5 ಮಿ.ಮೀ. ದಪ್ಪದ ಪಟ್ಟಿಯಲ್ಲಿ ಕೆಳಮುಖವಾಗಿ ತೆರೆದ ಸೀಳು ಕೊರೆದರೆ, ಹೊರೆಯ ಭಾರವೇ ಚೌಕಟ್ಟನ್ನು ಅಚ್ಚಿನ ಮೇಲೆ ಒತ್ತಿ ಕೂರಿಸುತ್ತದೆ, ನಟ್ಟು ಸಡಿಲಿಸಿದ ಕೂಡಲೇ ಚಕ್ರ ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಇಡಬಹುದು. ಪಟ್ಟಿಗಳನ್ನು ಬೆಸೆಯುವಾಗ ಚಕ್ರವನ್ನು ಅದರ ಜಾಗದಲ್ಲೇ ಇಟ್ಟು ಮೊದಲು ಚುಕ್ಕೆ ಬೆಸುಗೆ ಹಾಕಿಸಿ, ಎರಡೂ ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿವೆಯೆಂದು ದಾರ ಹಿಡಿದು ನೋಡಿದ ಮೇಲೆಯೇ ಪೂರ್ತಿ ಬೆಸುಗೆ ಹಾಕಿಸಬೇಕು.

ತಳಕ್ಕೆ ಪ್ಲೈವುಡ್ ಬೇಡ. ಮಂಚಕ್ಕೆ ಹೆಣೆಯುವ ನವಾರನ್ನು ಅಡ್ಡ ಉದ್ದ ಬಿಗಿಯಾಗಿ ಹೆಣೆದರೆ ತಳ ಹಗುರವಾಗಿರುತ್ತದೆ, ಮಣ್ಣು ಮರಳು ಕೆಳಗೆ ಉದುರಿಹೋಗುತ್ತದೆ, ಪ್ಯಾಡಿಗೆ ಉಜ್ಜುವ ಅಂಚೂ ಇರುವುದಿಲ್ಲ.

ಎರಡು ಪ್ಯಾಡ್‌ಗಳನ್ನು ಉದ್ದನೆಯ ಅಂಚಿನ ಮೇಲೆ ಎತ್ತಿ ನಿಲ್ಲಿಸಿ ಚಕ್ರಗಳ ನಡುವೆ ಇಟ್ಟು, ಮೂರನೆಯದನ್ನು ಮೇಲೆ ಅಡ್ಡಲಾಗಿ ಮಲಗಿಸಬೇಕು. ಮೂರನ್ನೂ ಮಲಗಿಸಿ ಪೇರಿಸಿದರೆ ಚಕ್ರಗಳನ್ನು ಇನ್ನಷ್ಟು ದೂರ ಸರಿಸಬೇಕಾಗಿ, ಗಾಡಿಯ ಅಗಲ ಒಂದು ಮೀಟರ್ ತಲುಪುತ್ತದೆ. ಈ ಬಗೆಯಲ್ಲಿ 82 ಸೆಂ.ಮೀ. ಸಾಕು. ಒಳಗಿನ ಪೈಪುಗಳ ಮೇಲೆ, ಪ್ರತಿ ಬದಿಗೂ ಎರಡರಂತೆ 30 ಸೆಂ.ಮೀ. ಎತ್ತರದ ಗೂಟಗಳನ್ನು ಬೆಸೆದರೆ ಪ್ಯಾಡು ಟೈರಿಗೆ ತಾಕುವುದಿಲ್ಲ. ಕಟ್ಟಲು ರಬ್ಬರ್ ಹಗ್ಗ ಬಳಸಬೇಡಿ, ಅದು ಕುಲುಕಿದಾಗಲೆಲ್ಲ ಹಿಗ್ಗಿ ಹೊರೆ ವಾಲುತ್ತದೆ. ಬಕಲ್ ಇರುವ ನೈಲಾನ್ ಪಟ್ಟಿ ಎರಡು ಸಾಕು.

ಇನ್ನು ಸಮತೋಲ. ಎತ್ತಿನ ಗಾಡಿಗೆ ಹೊರೆ ಹೇರುವವರು ಮುಂಭಾರ ಹಿಂಭಾರ ನೋಡುತ್ತಾರಲ್ಲ, ಅದೇ ಲೆಕ್ಕ ಇಲ್ಲೂ ಇದೆ. ಅಚ್ಚನ್ನು ತಳದ ನಟ್ಟನಡುವೆ ಇಡದೆ 8 ಸೆಂ.ಮೀ. ಹಿಂದಕ್ಕೆ ಇಡಿ. ಆಗ ಮೂರು ಪ್ಯಾಡು, ನೀರು, ಶೂ ಎಲ್ಲ ಸೇರಿ 28 ಕೆ.ಜಿ. ಹೇರಿದರೂ ಕೈಗೆ ಬರುವ ಭಾರ ಸುಮಾರು 3 ಕೆ.ಜಿ. ಮಾತ್ರ. ಮೂಕಿಗೆ 90 ಸೆಂ.ಮೀ. ಉದ್ದದ ಎರಡು ಪೈಪುಗಳನ್ನು, ತುದಿ ಸೊಂಟದ ಕೆಳಗೆ ಇಳಿಬಿಟ್ಟ ಕೈಯ ಮಟ್ಟಕ್ಕೆ ಬರುವಂತೆ ಓರೆಯಾಗಿ, ಬೋಲ್ಟು ಹಾಕಿ ಬಿಗಿಯಿರಿ. ತುದಿಗಳನ್ನು ಅಡ್ಡ ಹಿಡಿಯಿಂದ ಕೂಡಿಸಿ. ಇಷ್ಟಾದ ಮೇಲೆ ಗಾಡಿಗೆ ಹೊರೆ ಹೇರಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಿಂದ ಹಿಡಿಯನ್ನು ಎತ್ತಿ ನೋಡಿ. ಹೊರೆ ಅಚ್ಚಿಗಿಂತ ಎತ್ತರದಲ್ಲಿರುವುದರಿಂದ ಸುಮಾರು 10 ಡಿಗ್ರಿ ಏರಿನಲ್ಲಿ ಆ 8 ಸೆಂ.ಮೀ. ಅಂತರ ಬಹುಪಾಲು ಕರಗಿ, ಹಿಡಿ ಕೈಯಿಂದ ಮೇಲಕ್ಕೆ ಎದ್ದುಹೋಗುವಂತೆ ಭಾಸವಾಗುತ್ತದೆ. ಏರು ಸಿಗುವ ಮೊದಲೇ ನೀರಿನ ಕ್ಯಾನನ್ನು ತಳದ ಮುಂತುದಿಗೆ ಸರಿಸಿಕೊಳ್ಳಬೇಕು. ಇಳಿಜಾರಿನಲ್ಲಿ ಗಾಡಿಯ ಮುಂದೆ ಎಂದೂ ನಿಲ್ಲಬೇಡಿ. ಗಾಡಿಯನ್ನು ತಿರುಗಿಸಿ ಕೆಳಗೆ ಬಿಟ್ಟು, ನೀವು ಮೇಲೆ ನಿಂತು ಹಿಡಿದುಕೊಂಡು ನಿಧಾನವಾಗಿ ಇಳಿಸಿ.

ನಮ್ಮ ಕಡೆಯ ದಾರಿಗಳಲ್ಲಿ ಟೈರಿನ ನಿಜವಾದ ಶತ್ರು ಕಲ್ಲಲ್ಲ, ಮುಳ್ಳು. ಬೆಳೆಗಾರರು ಬೇಲಿಗೆ ಕಡಿದು ಹಾಕಿದ ಜಾಲಿಯ ಮುಳ್ಳು ದಾರಿಯ ಧೂಳಿನಲ್ಲಿ ಹುದುಗಿರುತ್ತದೆ, ನೆಗ್ಗಿಲು ಮುಳ್ಳಂತೂ ಟೈರಿಗೆ ಸಾಲಾಗಿ ಚುಚ್ಚಿಕೊಳ್ಳುತ್ತದೆ. ಟ್ಯೂಬಿಗೆ ಪಂಕ್ಚರ್ ತಡೆಯುವ ದ್ರವ ಹಾಕಿಸಿ. ಜೊತೆಗೆ ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಪದರವಾಗಿ ಕೂರಿಸಿ. ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗುವಷ್ಟು ತುಂಬಬೇಡಿ. ಇಷ್ಟು ಹೊರೆಗೆ 25 ಪಿಎಸ್‌ಐ ಸಾಕು, ಕುಲುಕಾಟವೂ ತಗ್ಗುತ್ತದೆ. ಬೆಸುಗೆಯ ಜಾಗಗಳಿಗೆ ರೆಡ್ ಆಕ್ಸೈಡ್ ಬಳಿದು, ಪೈಪಿನ ತೆರೆದ ತುದಿಗಳನ್ನು ಮುಚ್ಚಿಸಿಬಿಡಿ.

ಗಾಡಿ ಎಲ್ಲಿ ಹೋಗಬಾರದು ಎಂಬುದನ್ನೂ ಹೇಳಲೇಬೇಕು. ಆ ಭಾಗದ ಭತ್ತದ ಗದ್ದೆಗಳ ನಡುವಿನ ಬದು ನಡೆಯುವ ಮನುಷ್ಯನ ಕಾಲಿಗೆ ತಡೆದೀತು, ಚಕ್ರಕ್ಕೆ ತಡೆಯದು. ಹಸಿ ಬದುವಿನ ಮೇಲೆ ಒಮ್ಮೆ ಗಾಡಿ ಎಳೆದರೂ ಅಂಚು ಕುಸಿದು, ಮೇಲಿನ ಗದ್ದೆಯಲ್ಲಿ ರೈತ ಕಟ್ಟಿ ನಿಲ್ಲಿಸಿದ ನೀರು ರಾತ್ರಿಯೊಳಗೆ ಕೆಳಗಿನ ಗದ್ದೆಗೆ ಇಳಿದುಹೋಗುತ್ತದೆ. ಬಂಡೆಯೇರುವವರನ್ನು ತಮ್ಮ ಹೊಲದ ಅಂಚಿನಲ್ಲಿ ಓಡಾಡಲು ಬಿಟ್ಟವರಿಗೆ ನಾವು ಮಾಡಬಾರದ ಕೆಲಸ ಅದು. ಬಂಡಿದಾರಿ ಮುಗಿಯುವಲ್ಲಿ, ಯಾರ ದಾರಿಗೂ ಅಡ್ಡವಾಗದಂತೆ ಗಾಡಿಯನ್ನು ನಿಲ್ಲಿಸಿ, ಚಕ್ರಕ್ಕೆ ಸೈಕಲ್ ಬೀಗ ಹಾಕಿ, ಮುಂದಿನ ಗದ್ದೆಯನ್ನು ಪ್ಯಾಡ್ ಬೆನ್ನಿಗೇರಿಸಿಕೊಂಡೇ ದಾಟಿ.