ದೋರನಹಳ್ಳಿ ಹಬ್ಬಕ್ಕೆ ಒಂಬತ್ತು ದಿನ: ಮನೆಯಲ್ಲಿ ನವೇನ ಮಾಡುವ ಬಗೆ

ಜೂನ್ 13 ಸಂತ ಅಂತೋಣಿಯವರ ಹಬ್ಬ. ಕೆ.ಆರ್. ನಗರದ ಕಡೆಯ ದೋರನಹಳ್ಳಿ ಬಸಿಲಿಕಾಗೆ ಮೈಸೂರು, ಮಂಡ್ಯದ ಮನೆಮನೆಗಳಿಂದ ಜನ ಹೊರಡುವ ದಿನ. ಬಾಡಿಗೆ ಗಾಡಿ, ಮಕ್ಕಳ ಬಟ್ಟೆ, ನೆಂಟರ ಊಟ ಇವಕ್ಕೆಲ್ಲ ವಾರ ಮೊದಲೇ ಓಡಾಟ ಶುರುವಾಗುತ್ತದೆ. ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆ ಮಾತ್ರ 12ರ ಸಂಜೆಗೆ ಉಳಿಯುತ್ತದೆ. ಅಷ್ಟು ಹೊತ್ತಿಗೆ ಸಾಲು ಬಾಗಿಲಾಚೆಗೆ ಬಂದಿರುತ್ತದೆ, ಒಳಗೆ ಕೂತ ಫಾದರ್ ದಣಿದಿರುತ್ತಾರೆ, ಸಾಲಿನಲ್ಲಿ ನಿಂತವರ ಗಮನ ಅರ್ಧ ಬಸ್ಸಿನ ಮೇಲಿರುತ್ತದೆ. ಹತ್ತು ತಿಂಗಳ ಭಾರವನ್ನು ಅರ್ಧ ನಿಮಿಷದಲ್ಲಿ ಇಳಿಸಿ ಬರುವಂತಾಗುತ್ತದೆ. ಹೀಗಾಗದಿರಲು ಇರುವ ದಾರಿ ಸರಳ. ಪಾಪನಿವೇದನೆಯನ್ನು ನವೇನದ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ ನಡುವಿಗೆ, ಐದನೇ ದಿನಕ್ಕೆ ತಂದುಕೊಳ್ಳಿ. ಮೊದಲ ನಾಲ್ಕು ದಿನ ಅದಕ್ಕೆ ಸಿದ್ಧತೆ, ಕೊನೆಯ ನಾಲ್ಕು ದಿನ ಅದರ ಫಲ ಉಣ್ಣುವುದು. ಈ ಲೇಖನದ ಕ್ರಮವೆಲ್ಲ ಇದರ ಸುತ್ತಲೇ ಹೊಂದಿಸಿದ್ದು.

ದಿನದ ಲೆಕ್ಕ

ನವೇನ ಜೂನ್ 4ಕ್ಕೆ ಶುರು, 12ಕ್ಕೆ ಮುಗಿತಾಯ, 13 ಹಬ್ಬ. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ: 5ಕ್ಕೆ ಶುರುಮಾಡಿ ಹಬ್ಬವನ್ನೇ ಒಂಬತ್ತನೇ ದಿನವಾಗಿ ಎಣಿಸುತ್ತಾರೆ. ಹಬ್ಬ ನವೇನದೊಳಗೆ ಸೇರುವುದಿಲ್ಲ, ಅದಕ್ಕಾಗಿ ಕಾಯುವುದೇ ನವೇನ. ಯೇಸುಸ್ವಾಮಿ ಸ್ವರ್ಗಾರೋಹಣವಾದ ಮೇಲೆ, ಪವಿತ್ರಾತ್ಮರು ಇಳಿದುಬಂದ ಪಂಚಾಶತ್ತಮದವರೆಗೆ ಪ್ರೇಷಿತರು ಮಾತೆ ಮರಿಯಮ್ಮನವರೊಂದಿಗೆ ಮೇಲುಪ್ಪರಿಗೆಯಲ್ಲಿ ಒಂದೇ ಮನಸ್ಸಿನಿಂದ ಪ್ರಾರ್ಥಿಸುತ್ತ ಕಾದರಲ್ಲ, ಒಂಬತ್ತರ ಎಣಿಕೆ ಬಂದದ್ದು ಅಲ್ಲಿಂದ.

ಒಂದು ದಿನ ತಪ್ಪಿತೆಂದು ಮೊದಲಿನಿಂದ ಶುರುಮಾಡಬೇಕಿಲ್ಲ. ಮರುದಿನ ಎರಡು ದಿನದ ವಾಚನವನ್ನೂ ಓದಿ ಮುಂದುವರಿಸಿ. ರಾತ್ರಿ ಪಾಳಿಯವರು, ಗದ್ದೆಗೆ ನೀರು ಕಟ್ಟುವ ಸರದಿ ಇರುವವರು ಒಂಬತ್ತು ದಿನ ಸತತವಾಗಿ ಕೂರಲಾಗದಿದ್ದರೆ ಮಂಗಳವಾರಗಳ ಭಕ್ತಿ ಇದೆ. ಅಂತೋಣಿಯವರು ತೀರಿಕೊಂಡದ್ದು 1231ರ ಜೂನ್ 13, ಶುಕ್ರವಾರ. ಪಾದುವಾದಲ್ಲಿ ಸಮಾಧಿಯಾದದ್ದು ಜೂನ್ 17, ಮಂಗಳವಾರ. ಅದಕ್ಕೇ ಮಂಗಳವಾರ ಅವರ ದಿನ. ಒಂಬತ್ತು ಅಥವಾ ಹದಿಮೂರು ಮಂಗಳವಾರ ಹಿಡಿಯುವವರು ಹಬ್ಬದಿಂದ ಹಿಂದಕ್ಕೆ ಎಣಿಸಿಕೊಳ್ಳಬೇಕು. ಹದಿಮೂರಾದರೆ ಮಾರ್ಚ್ ನಡುವಿನಲ್ಲೇ ಶುರು.

'ಇದನ್ನು ಒಂಬತ್ತು ಜನಕ್ಕೆ ಕಳಿಸಿ, ಇಲ್ಲದಿದ್ದರೆ ಕೆಡುಕು' ಎಂದು ವಾಟ್ಸಾಪ್‌ನಲ್ಲಿ ಬರುವುದು ನವೇನವಲ್ಲ. ಅಳಿಸಿಹಾಕಿ. ದೇವರು ಬೆದರಿಸಿ ಪ್ರಾರ್ಥನೆ ಮಾಡಿಸುವವನಲ್ಲ.

ಮನೆಯ ಪೀಠ ಮತ್ತು ಅರ್ಧ ಗಂಟೆ

ಟಿ.ವಿ. ಇರುವ ಗೋಡೆ ಬಿಟ್ಟು ಬೇರೆ ಗೋಡೆ ಆರಿಸಿಕೊಳ್ಳಿ. ಚಿಕ್ಕ ಮೇಜು, ಒಗೆದ ಬಿಳಿ ಬಟ್ಟೆ. ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ ಶಿಲುಬೆ. ಅಂತೋಣಿಯವರ ಪಟ ಅಥವಾ ಪ್ರತಿಮೆ ಪಕ್ಕದಲ್ಲಿ, ಒಂದು ಮೆಟ್ಟಿಲು ಕೆಳಗೆ. ಈ ಎತ್ತರ ತಗ್ಗಿಗೆ ಅರ್ಥವಿದೆ. ಸಂತರನ್ನು ನಾವು ಬೇಡುವುದು 'ನಮಗಾಗಿ ಪ್ರಾರ್ಥಿಸಿ' ಎಂದು, ಕೊಡುವವನು ದೇವರು. ಮುಂದೆ ಬೈಬಲ್ ತೆರೆದಿಡಿ. ಕಿರುಬೆರಳ ಗಾತ್ರದ ಮೇಣದಬತ್ತಿ ಐದಿದ್ದರೆ ಒಂಬತ್ತು ದಿನಕ್ಕೆ ಸಾಕು, ಪ್ರಾರ್ಥನೆ ಮುಗಿದೊಡನೆ ಆರಿಸಿಟ್ಟರೆ ಒಂದು ಬತ್ತಿ ಎರಡು ದಿನ ಬರುತ್ತದೆ. ಬತ್ತಿಯನ್ನು ಮರಳು ತುಂಬಿದ ಸ್ಟೀಲ್ ಬಟ್ಟಲಿನಲ್ಲಿ ನಿಲ್ಲಿಸಿ. ಜೂನ್ ಗಾಳಿಗೆ ಕಿಟಕಿಯ ಪರದೆ ಒಂದು ಮೊಳ ಹಾರುತ್ತದೆ, ಅದರ ಹತ್ತಿರ ಬೇಡ.

ಹೊತ್ತು ಒಂದೇ ಇರಲಿ. ಶಾಲೆ ಆಗಷ್ಟೇ ತೆರೆದಿರುತ್ತದೆ, ಮಕ್ಕಳಿಗೆ ಹೋಂವರ್ಕ್ ಇರುತ್ತದೆ. ಏಳು ಗಂಟೆ ಎಂದು ಇಟ್ಟುಕೊಂಡರೆ ಏಳೂವರೆಗೆ ಮುಗಿಯಬೇಕು. ಮೊದಲ ದಿನದ ಉತ್ಸಾಹಕ್ಕೆ ಐವತ್ತಮೂರು ಮಣಿಯ ಜಪಸರ, ಪ್ರಾರ್ಥನಾಮಾಲೆ, ನಾಲ್ಕು ಹಾಡು ಎಲ್ಲ ಸೇರಿಸಿ ಒಂದೂವರೆ ಗಂಟೆ ಎಳೆದ ಮನೆಯಲ್ಲಿ ಮೂರನೇ ದಿನ ಮಕ್ಕಳು ತೂಕಡಿಸುತ್ತಾರೆ, ಐದನೇ ದಿನ ಅಮ್ಮ ಒಬ್ಬರೇ ಉಳಿಯುತ್ತಾರೆ.

ಶಿಲುಬೆ ಗುರುತು, ಒಂದು ಹಾಡು. ಆಮೇಲೆ ಆ ದಿನದ ಶುಭಸಂದೇಶವನ್ನು ಒಬ್ಬರು ನಿಧಾನವಾಗಿ, ಗಟ್ಟಿಯಾಗಿ ಓದಬೇಕು. ಓದು ಬಲ್ಲ ಮಗುವಾದರೆ ಇನ್ನೂ ಒಳ್ಳೆಯದು. ನಂತರ ಮೂರು ನಿಮಿಷ ಯಾರೂ ಮಾತಾಡಕೂಡದು. ಗಡಿಯಾರ ನೋಡಿ ಮೂರು ನಿಮಿಷ, ಏಕೆಂದರೆ ಅಭ್ಯಾಸವಿಲ್ಲದವರಿಗೆ ಅರ್ಧ ನಿಮಿಷವೇ ಬಹಳ ಅನ್ನಿಸಿ ಹಾಡು ಎತ್ತಿಬಿಡುತ್ತಾರೆ. ಜಪಸರದ ಒಂದು ದಶಕ: ಪ್ರಭು ಕಲಿಸಿದ ಪ್ರಾರ್ಥನೆ ಒಂದು, ನಮೋ ಮರಿಯ ಹತ್ತು, ಪಿತನಿಗೂ ಸುತನಿಗೂ ಒಂದು. ಆಮೇಲೆ ಮನೆಯವರ ಕೋರಿಕೆ. ಕೋರಿಕೆ ಒಂದು ವಾಕ್ಯ ಮೀರದಿರಲಿ, ಅದರಲ್ಲಿ ಒಂದಾದರೂ ಬೀದಿಯ ಬೇರೆ ಮನೆಯವರಿಗಾಗಿ ಇರಲಿ. ಕೊನೆಗೆ ನಿಮ್ಮ ಧರ್ಮಕೇಂದ್ರದ, ಅಂದರೆ ನಿಮ್ಮ ಭಾಗದ ಚರ್ಚಿನ, ಪುಸ್ತಕದಲ್ಲಿರುವ ನವೇನ ಪ್ರಾರ್ಥನೆ.

ವಾಚನಗಳನ್ನು ಹೀಗೆ ಇಟ್ಟುಕೊಳ್ಳಬಹುದು. ಮೊದಲ ದಿನ ಲೂಕ 11:1–13, ಬೇಡುವುದನ್ನು ಕಲಿಯಲು. ಎರಡನೆಯ ದಿನ ಲೂಕ 15:1–10, ಕಳೆದ ಕುರಿ, ಕಳೆದ ನಾಣ್ಯ. ಮೂರನೆಯ ದಿನ ಮತ್ತಾಯ 5:21–26. ನಾಲ್ಕನೆಯದಕ್ಕೆ ಲೂಕ 18:9–14, ಫರಿಸಾಯನೂ ಸುಂಕದವನೂ. ಐದಕ್ಕೆ ಲೂಕ 15:11–32, ಮನೆ ಬಿಟ್ಟ ಮಗ. ಆರಕ್ಕೆ ಮತ್ತಾಯ 25:31–46, ಏಳಕ್ಕೆ ಲೂಕ 2:41–52, ಎಂಟಕ್ಕೆ ಯೊವಾನ್ನ 6:51–58, ಒಂಬತ್ತಕ್ಕೆ ಮತ್ತಾಯ 5:13–19.

ಕಳೆದ ವಸ್ತು ಸಿಗಲೆಂದು ಅಂತೋಣಿಯವರನ್ನು ನೆನೆಯುವ ರೂಢಿಗೆ ಒಂದು ಕಥೆಯಿದೆ. ಅವರು ಟಿಪ್ಪಣಿ ಬರೆದಿಟ್ಟುಕೊಂಡಿದ್ದ ಕೀರ್ತನೆಗಳ ಪುಸ್ತಕವನ್ನು ಮಠ ಬಿಟ್ಟು ಹೋಗುತ್ತಿದ್ದ ಹುಡುಗನೊಬ್ಬ ಒಯ್ದನಂತೆ. ಅಂತೋಣಿಯವರು ಪ್ರಾರ್ಥಿಸಿದರು, ಪುಸ್ತಕದ ಜೊತೆ ಒಯ್ದವನೂ ಮಠಕ್ಕೆ ಮರಳಿದ. ಎರಡನೇ ದಿನದ ವಾಚನದ ಹೊತ್ತಿಗೆ ಮಕ್ಕಳಿಗೆ ಇದನ್ನು ಹೇಳಿ. ಕಳೆದ ಕೀಲಿಕೈ, ಕಳೆದ ಮೊಬೈಲ್ ಕೇಳುವ ಬಾಯಲ್ಲೇ, ಮಾತು ಬಿಟ್ಟು ಹೋದ ತಮ್ಮನನ್ನೂ ಕೇಳಬಹುದೆಂದು ಅವರಿಗೆ ತಾನಾಗಿ ಹೊಳೆಯುತ್ತದೆ.

ಐದನೇ ದಿನಕ್ಕೆ ಹೋಗುವ ದಾರಿ

ಮೂರನೇ ದಿನದ ವಾಚನದಲ್ಲಿ ಯೇಸುಸ್ವಾಮಿ ಹೇಳುವುದು ನೇರವಾಗಿದೆ: ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಹೋಗು, ಮೊದಲು ನಿನ್ನ ಸೋದರನೊಡನೆ ರಾಜಿಯಾಗು. ಹಾಗಾಗಿ 6ನೇ ತಾರೀಖಿನ ಕೆಲಸ ಒಂದು ಫೋನ್ ಕರೆ. ಜಮೀನು ಪಾಲಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಕೈಗಡದಲ್ಲಿ ಕೆಟ್ಟ ಸಂಬಂಧ ಯಾವ ಮನೆಯಲ್ಲಿಲ್ಲ? ಜಗಳದ ವಿಷಯ ಆ ಕರೆಯಲ್ಲಿ ಎತ್ತಬೇಡಿ. 'ಅಣ್ಣ, ಹೇಗಿದ್ದೀರಿ? ಹಬ್ಬಕ್ಕೆ ಬನ್ನಿ' ಇಷ್ಟು ಸಾಕು. ಅವರು ಫೋನ್ ಎತ್ತದಿದ್ದರೂ ನಿಮ್ಮ ಪಾಲಿನ ಹೆಜ್ಜೆ ಇಟ್ಟಾಯಿತು.

ನಾಲ್ಕನೇ ರಾತ್ರಿ ಆತ್ಮಪರಿಶೋಧನೆ. ಒಬ್ಬರೇ ಕೂತು, ಹದಿನೈದು ನಿಮಿಷ, ಚೀಟಿ ಮತ್ತು ಪೆನ್ನು. ಮೊದಲು ಪವಿತ್ರಾತ್ಮರ ಬೆಳಕು ಬೇಡಿ, ಆಮೇಲೆ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದಿಕೊಳ್ಳಿ. ಪ್ರಶ್ನೆಗಳು ನಮ್ಮ ಬದುಕಿನ ಅಳತೆಗೆ ಇರಬೇಕು. 'ಕದಿಯಬೇಡ' ಎಂದರೆ ಡೈರಿಗೆ ಹಾಕುವ ಹಾಲಿಗೆ ನೀರು ಬೆರೆಸಿದೆನೇ? ಕಬ್ಬು ಕಡಿದವರ ಕೂಲಿಯನ್ನು ನಾಳೆ ನಾಳೆ ಎಂದು ಮುಂದೂಡಿದೆನೇ? ಆಫೀಸಿನ ಹೊತ್ತಿನಲ್ಲಿ ಸಂಬಳ ತೆಗೆದುಕೊಂಡೇ ಸ್ವಂತ ಕೆಲಸ ಮಾಡಿಕೊಂಡೆನೇ? 'ಸುಳ್ಳು ಸಾಕ್ಷಿ' ಎಂದರೆ ಪಕ್ಕದ ಮನೆಯ ಹುಡುಗಿಯ ಬಗ್ಗೆ ಕೇಳಿದ್ದನ್ನು ಗ್ರೂಪಿಗೆ ಹಾಕಿದೆನೇ? ಗಂಭೀರವಾದವನ್ನು ಬಗೆ ಮತ್ತು ಸಂಖ್ಯೆ ಸಹಿತ ಬರೆದುಕೊಳ್ಳಿ. ಸಂಖ್ಯೆ ನೆನಪಿಲ್ಲದಿದ್ದರೆ 'ವಾರಕ್ಕೊಮ್ಮೆಯಂತೆ ಆರು ತಿಂಗಳು' ಎನ್ನಬಹುದು. ಚಿಕ್ಕಪುಟ್ಟವನ್ನೆಲ್ಲ ಪಟ್ಟಿ ಮಾಡಲೇಬೇಕೆಂಬ ಕಡ್ಡಾಯವಿಲ್ಲ. ನಿವೇದನೆ ಆದ ಮೇಲೆ ಚೀಟಿಯನ್ನು ಹರಿದು ಒಲೆಗೆ ಹಾಕಿ. ಅಂಗಿಯ ಜೇಬಿನಲ್ಲಿ ಬಿಟ್ಟು ಒಗೆಯಲು ಹಾಕಬೇಡಿ.

8ನೇ ತಾರೀಖು, ಐದನೇ ದಿನ. ಫಾದರ್ ಎಷ್ಟು ಹೊತ್ತಿಗೆ ಕೂರುತ್ತಾರೆಂದು ಎರಡು ದಿನ ಮೊದಲೇ ಕೇಳಿಟ್ಟುಕೊಳ್ಳಿ, ಪೂಜೆಗೆ ಮುಕ್ಕಾಲು ಗಂಟೆ ಮುಂಚೆ ಹೋಗಿ. ನಿಮ್ಮ ಧರ್ಮಕೇಂದ್ರದ ಗುರುಗಳ ಮುಂದೆ ಬಾಯಿ ಬರದಿದ್ದರೆ ಬೇರೆ ಚರ್ಚಿಗೆ ಹೋಗಬಹುದು, ಅದರಲ್ಲಿ ತಪ್ಪಿಲ್ಲ. ಎಲ್ಲಿ ಹೇಳಿದರೂ ಅದು ಗುರುಗಳ ಬಾಯಿಂದ ಆಚೆ ಬರುವಂತಿಲ್ಲ, ಇದು ಧರ್ಮಸಭೆಯ ಅತಿ ಕಟ್ಟುನಿಟ್ಟಿನ ಕಾನೂನು. ಮೊಣಕಾಲೂರಿ, 'ಫಾದರ್, ನಾನು ಪಾಪಿ, ಆಶೀರ್ವದಿಸಿ. ಕಳೆದ ಸಲ ಪಾಪನಿವೇದನೆ ಮಾಡಿ ಇಷ್ಟು ತಿಂಗಳಾಯಿತು' ಎಂದು ಶುರುಮಾಡಿ. ಹತ್ತು ವರ್ಷವಾಗಿದ್ದರೆ ಹತ್ತು ವರ್ಷ ಎನ್ನಿ, ಕ್ರಮ ಮರೆತಿದ್ದರೆ ಮರೆತಿದ್ದೇನೆ ಎನ್ನಿ. ಅವರೇ ಕೈಹಿಡಿದು ನಡೆಸುತ್ತಾರೆ.

ಇಲ್ಲಿ ಕೆಡುವುದು ಮೂರು ಬಗೆಯಲ್ಲಿ. ಒಂದು, ಸೊಸೆಯ ತಪ್ಪು, ಗಂಡನ ಕುಡಿತ ಹೇಳಿ ಬರುವುದು, ಹೇಳಬೇಕಾದದ್ದು ನಮ್ಮದು. ಎರಡು, 'ಮನುಷ್ಯರಲ್ಲವೇ ಫಾದರ್, ಎಲ್ಲ ಪಾಪವೂ ಮಾಡಿದ್ದೇನೆ' ಎಂದು ಒಟ್ಟಾಗಿ ಕಟ್ಟಿ ಇಡುವುದು. ಮೂರನೆಯದು ಕಷ್ಟದ್ದು: ನಾಚಿಕೆಯಿಂದ ಒಂದು ಗಂಭೀರ ಪಾಪವನ್ನು ಬೇಕೆಂದೇ ಮುಚ್ಚಿಡುವುದು. ಹಾಗೆ ಮುಚ್ಚಿಟ್ಟರೆ ಆ ನಿವೇದನೆ ಸಿಂಧುವಾಗುವುದಿಲ್ಲ. ಆ ಒಂದನ್ನೇ ಮೊದಲು ಹೇಳಿಬಿಡಿ, ಉಳಿದವು ತಾವಾಗಿ ಬರುತ್ತವೆ. ನಿಜವಾಗಿ ಮರೆತದ್ದು ಬೇರೆ, ಅದು ಕ್ಷಮೆಯೊಳಗೇ ಸೇರಿದೆ. ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಕೊಟ್ಟ ಪ್ರಾಯಶ್ಚಿತ್ತವನ್ನು ಚರ್ಚಿನಿಂದ ಹೊರಡುವ ಮುಂಚೆಯೇ ಮುಗಿಸಿ, ಮನೆಗೆ ಬಂದ ಮೇಲೆ ಮರೆಯುತ್ತದೆ. ಬಾಕಿ ಕೂಲಿ ಇದ್ದರೆ ಅದೇ ವಾರ ಕೊಡಿ.

8ಕ್ಕೆ ಮಾಡಿದ ನಿವೇದನೆ 13ಕ್ಕೆ ಹಳತಾಗುತ್ತದೆಂದು ಹೆದರಬೇಡಿ. ನಡುವೆ ಗಂಭೀರ ಪಾಪ ಬೀಳದಿದ್ದರೆ ಹಬ್ಬದ ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಅದೇ ಸಾಕು. ಬಸಿಲಿಕಾವನ್ನು ಅದರ ಪಾಲಕ ಸಂತರ ಹಬ್ಬದಂದು ಸಂದರ್ಶಿಸಿ, ಅಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ವಿಶ್ವಾಸ ಸಂಗ್ರಹವನ್ನೂ ಹೇಳಿದವರಿಗೆ ಪೂರ್ಣ ದಂಡವಿಮೋಚನೆಯ, ಅಂದರೆ ಕ್ಷಮೆಯಾದ ಪಾಪಕ್ಕೆ ಉಳಿದಿರುವ ಶಿಕ್ಷೆಯೂ ಪೂರ್ತಿ ನೀಗುವ ವರವಿದೆ. ಪಾಪನಿವೇದನೆ, ಪರಮಪ್ರಸಾದ, ಪೋಪ್ ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥನೆ, ಯಾವ ಪಾಪಕ್ಕೂ ಅಂಟಿಕೊಳ್ಳದ ಮನಸ್ಸು ಇವು ಅದರ ಷರತ್ತು. ನಿವೇದನೆ ಸುಮಾರು ಇಪ್ಪತ್ತು ದಿನ ಹಿಂದೆ ಮುಂದೆ ಇದ್ದರೂ ನಡೆಯುತ್ತದೆ.

ಉಪವಾಸ, ರೊಟ್ಟಿ, ಹರಕೆ

ಧರ್ಮಸಭೆ ಕಡ್ಡಾಯ ಮಾಡಿದ ಉಪವಾಸ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ನವೇನದ ಉಪವಾಸ ಸ್ವಇಚ್ಛೆಯದು. ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸೇರಿಸಿದರೂ ಒಂದೂಟವಾಗದಷ್ಟು ತಿನ್ನುವುದು ಹಳೆಯ ಅಳತೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ಬಾಣಂತಿಯರು ಊಟ ಬಿಡಬಾರದು. ಸಂಜೆಯ ಬಜ್ಜಿ, ಸೀರಿಯಲ್, ಮೊಬೈಲ್ ಬಿಟ್ಟರಾಯಿತು. ಬಿಟ್ಟದ್ದರ ದುಡ್ಡು ಡಬ್ಬಿಗೆ ಬೀಳಬೇಕು. ಇಲ್ಲದಿದ್ದರೆ ಉಪವಾಸ ಮನೆಖರ್ಚಿನ ಉಳಿತಾಯವಷ್ಟೇ ಆಗುತ್ತದೆ.

ಆ ಡಬ್ಬಿ ಆರನೇ ದಿನ ತೆರೆಯುವುದು. ಅಂತೋಣಿಯವರ ರೊಟ್ಟಿ ಎಂಬ ರೂಢಿಯ ಹಿಂದೆ ಪಾದುವಾದ ತಾಯಿಯೊಬ್ಬಳ ಹೇಳಿಕೆಯಿದೆ: ನೀರಿಗೆ ಬಿದ್ದ ಮಗು ಬದುಕಿದರೆ ಅದರ ತೂಕದಷ್ಟು ಧಾನ್ಯ ಬಡವರಿಗೆ ಕೊಡುವೆನೆಂದು ಅವಳು ಮಾತು ಕೊಟ್ಟಳು. ಹನ್ನೆರಡು ಕೆ.ಜಿ. ಮಗುವಿಗೆ ಹನ್ನೆರಡು ಕೆ.ಜಿ. ಅಕ್ಕಿ ಅಥವಾ ರಾಗಿ. ಆರು ಕೆ.ಜಿ.ಯಂತೆ ಎರಡು ಮನೆಗೆ, ಹಬ್ಬಕ್ಕೆ ಮುಂಚೆಯೇ, ಫೋಟೊ ತೆಗೆಯದೆ ತಲುಪಿಸಿ. ನೀವು ತಿನ್ನುವ ಅಕ್ಕಿಯನ್ನೇ ಕೊಡಿ.

ಹರಕೆಯ ವಿಷಯದಲ್ಲಿ ಗೊಂದಲ ಬಹಳ. ಹರಕೆ ಹೊರುವುದು ದೇವರಿಗೆ. ಹೊತ್ತವರಿಗೆ ಮಾತ್ರ ಅದರ ಕಟ್ಟು. 'ನನ್ನ ಮಗ ನಡೆದು ಬರುತ್ತಾನೆ' ಎಂದು ತಾಯಿ ಹೊತ್ತರೆ ಮಗನ ಮೇಲೆ ಋಣ ಬೀಳುವುದಿಲ್ಲ. ತೀರಿಸಲಾಗದ ಹರಕೆ ಎದೆಯ ಮೇಲೆ ಕೂತಿದ್ದರೆ ಧರ್ಮಕೇಂದ್ರದ ಗುರುಗಳಿಗೆ ಹೇಳಿ. ತಕ್ಕ ಕಾರಣವಿದ್ದರೆ ಅದನ್ನು ಬಿಡಿಸುವ, ಬೇರೆ ಒಳ್ಳೆಯ ಕೆಲಸಕ್ಕೆ ಬದಲಿಸಿಕೊಡುವ ಅಧಿಕಾರ ಅವರಿಗಿದೆ. ಎಷ್ಟೋ ವರ್ಷ ಭಯದಲ್ಲಿ ಬೇಯುವವರು ಐದು ನಿಮಿಷದ ಮಾತಿನಿಂದ ಹಗುರಾಗುತ್ತಾರೆ.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ 6ನೇ ತಾರೀಖಿನೊಳಗೆ ಚರ್ಚಿಗೆ ತಿಳಿಸಿ, ಪರಮಪ್ರಸಾದ ಮನೆಗೇ ಬರುತ್ತದೆ. ಹಾಸಿಗೆಯ ಪಕ್ಕ ಸ್ಟೂಲು, ಬಿಳಿ ಬಟ್ಟೆ, ಶಿಲುಬೆ, ಎರಡು ಬತ್ತಿ, ಲೋಟದಲ್ಲಿ ಕುಡಿಯುವ ನೀರು, ಒಂದು ಚಮಚ. ನುಂಗಲು ಕಷ್ಟವೆಂದರೆ ಮೊದಲೇ ಹೇಳಿ, ಚಿಕ್ಕ ಚೂರು ಕೊಡುತ್ತಾರೆ.

ಹದಿಮೂರರ ಬೆಳಿಗ್ಗೆ

ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದು. ನೀರು, ಔಷಧಿಗೆ ಅಡ್ಡಿಯಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮವೂ ಇಲ್ಲ. ಹೊರಡುವಾಗಲೇ ಮಕ್ಕಳಿಗೆ ಇಡ್ಲಿ ತಿನ್ನಿಸಿ, ದಾರಿಯಲ್ಲಿ ಚಿಪ್ಸ್ ಪೊಟ್ಟಣ ಕೊಡಬೇಡಿ. ಕೊಡೆ, ಒಂದು ಜೊತೆ ಒಣ ಬಟ್ಟೆ ಜೊತೆಗಿರಲಿ.

ದೋರನಹಳ್ಳಿಗೆ ಎಲ್ಲ ಜಾತಿಮತದವರೂ ಬರುತ್ತಾರೆ, ನಿಮ್ಮ ಗಾಡಿಯಲ್ಲೂ ನೆರೆಯವರು ಇರುತ್ತಾರೆ. ಪರಮಪ್ರಸಾದ ಕಥೋಲಿಕರಿಗೆ ಮಾತ್ರ ಎಂಬುದನ್ನು ಗಾಡಿಯಲ್ಲೇ ಮೆಲ್ಲಗೆ ಹೇಳಿಡಿ, ಸಾಲಿನಲ್ಲಿ ತಡೆಯುವಂತಾದರೆ ಅವರಿಗೆ ನೋವಾಗುತ್ತದೆ. ಆಶೀರ್ವದಿಸಿದ ಬ್ರೆಡ್ಡು ಮಾತ್ರ ಎಲ್ಲರಿಗೂ ಸಲ್ಲುತ್ತದೆ. ಇವೆರಡೂ ಒಂದೇ ಎಂದುಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಒಂದು ಸ್ವತಃ ಕ್ರಿಸ್ತರ ಶರೀರ, ಇನ್ನೊಂದು ಪವಿತ್ರಗೊಳಿಸಿದ ಆಹಾರ.

ಮನೆಗೆ ತಂದ ಆ ಬ್ರೆಡ್ಡನ್ನು ಪೀಠದ ಮೇಲೆ ವರ್ಷಗಟ್ಟಲೆ ಇಡುವ ಅಭ್ಯಾಸ ಬೇಡ. ಜೂನ್ ಹವೆಗೆ ಮೂರೇ ದಿನಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ. ಅದೇ ಸಂಜೆ ಚೂರು ಮಾಡಿ ಮನೆಯವರೆಲ್ಲ ತಿನ್ನಿ, ಬರಲಾಗದ ಪಕ್ಕದ ಮನೆಯ ಅಜ್ಜಿಗೂ ಒಂದು ಚೂರು ಕೊಟ್ಟು ಬನ್ನಿ. ಉಳಿದು ಕೆಟ್ಟದ್ದನ್ನು ಕಸದ ಬುಟ್ಟಿಗೆ ಹಾಕದೆ, ಯಾರೂ ತುಳಿಯದ ಕಡೆ ಗಿಡದ ಬುಡದಲ್ಲಿ ಮಣ್ಣು ತೆಗೆದು ಹೂಳಿ.