ಕರಾವಳಿಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್: ಕೊಳ್ಳುವ ಮೊದಲು ಮತ್ತು ಕೊಂಡ ಮೇಲೆ

ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪೆನಿ 1961ರಿಂದ ಸುಮಾರು ಹತ್ತು ವರ್ಷ ತಯಾರಿಸಿದ ಹೆರಾಲ್ಡ್ ಕಾರು ಈಗ ಉಡುಪಿ–ಮಂಗಳೂರು ಹೆದ್ದಾರಿಯಲ್ಲಿ ಹೋದರೆ ಹೆಚ್ಚಿನವರು ಅದನ್ನು ಹಳೆಯ ಫಿಯೆಟ್ ಎಂದೇ ತಿಳಿಯುತ್ತಾರೆ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪವಿದು. ಇಟಲಿಯ ಮಿಕೆಲೋಟಿ ಬಿಡಿಸಿದ ಆಕಾರ, 948 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್, ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿ ತೆರೆದುಕೊಳ್ಳುವ ಬಾನೆಟ್ ಇದರ ಗುರುತುಗಳು. 1960ರ ದಶಕದ ಕೊನೆಯಲ್ಲಿ ಬಂದ ನಾಲ್ಕು ಬಾಗಿಲಿನ ಮಾದರಿ ನಮ್ಮ ದೇಶದಲ್ಲಿ ಮಾತ್ರ ತಯಾರಾದದ್ದು.

ಕೊಳ್ಳಲು ಹೋದವರು ಬಣ್ಣ, ಕ್ರೋಮ್, ಸೀಟು ನೋಡಿ ಮನಸೋಲುವುದು ಸಹಜ. ಆದರೆ ಈ ಕಾರಿನ ಆಯುಸ್ಸು ಇರುವುದು ಕೆಳಭಾಗದಲ್ಲಿ. ಆದ್ದರಿಂದ ಹಳೆಯ ಬೆಡ್‌ಶೀಟೊಂದನ್ನು ಹಾಸಿ, ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಮೊದಲು ಅಡಿಗೆ ಮಲಗಬೇಕು. ಹೆರಾಲ್ಡಿನ ಬಾಡಿ ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟುಗಳಿಂದ ಕೂತಿರುತ್ತದೆ. ನಡುವಿನ ಮುಖ್ಯ ತೊಲೆಗಳಿಂದ ಎರಡೂ ಬದಿಗೆ ಚಾಚಿಕೊಂಡಿರುವ ಔಟ್‌ರಿಗ್ಗರುಗಳೇ ಬಾಡಿಯ ಅಂಚನ್ನು ಹೊರುತ್ತವೆ, ಮತ್ತು ತುಕ್ಕು ಮೊದಲು ಹಿಡಿಯುವುದೂ ಅವುಗಳಿಗೇ. ಮಲ್ಪೆ ಅಥವಾ ಪಣಂಬೂರಿನ ಉಪ್ಪುಗಾಳಿಯಲ್ಲಿ ನಿಂತ ಕಾರಾದರೆ ಸ್ಕ್ರೂಡ್ರೈವರಿನ ಮೊನೆಯಿಂದ ತಟ್ಟಿದಾಗ ಗಟ್ಟಿ ಸದ್ದು ಬರುತ್ತದೆಯೇ, ಪೊಳ್ಳು ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಬಾಗಿಲ ಕೆಳಗಿನ ಪಟ್ಟಿಗಳಿಗೆ ಅಯಸ್ಕಾಂತ ಹಿಡಿದು ನೋಡಿ. ಅದು ಅಂಟಿಕೊಳ್ಳದಿದ್ದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಬಾಗಿಲು ಮುಚ್ಚುವಾಗ ಕೆಳಗೆ ತಾಗಿದರೆ ಚಾಸಿಯೇ ಬಗ್ಗಿದೆ ಎಂಬ ಅನುಮಾನವಿರಲಿ. ಬಾಡಿಯ ತುಕ್ಕನ್ನು ಟಿಂಕರಿಂಗ್ ಕೆಲಸದವರು ನಿಭಾಯಿಸಿಯಾರು. ಚಾಸಿಯ ಮುಖ್ಯ ತೊಲೆ ಕರಗಿದ ಕಾರನ್ನು, ಬಿಡಿಭಾಗಗಳ ಬೆಲೆಗೆ ಸಿಕ್ಕರೆ ಮಾತ್ರ ಕೊಳ್ಳುವುದು ಲೇಸು.

ಎರಡನೆಯದು, ಮತ್ತು ಪ್ರಾಣಕ್ಕೇ ಸಂಬಂಧಿಸಿದ್ದು, ಮುಂದಿನ ಚಕ್ರಗಳ ಟ್ರನಿಯನ್. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿ, ಬೋಲ್ಟು ನಟ್ಟಿನೊಳಗೆ ತಿರುಗಿದಂತೆ, ಹಿತ್ತಾಳೆಬಣ್ಣದ ಒಂದು ಗಟ್ಟಿಯೊಳಗೆ ತಿರುಗುತ್ತದೆ; ಆ ಗಟ್ಟಿಯೇ ಟ್ರನಿಯನ್. ಈ ಮರೆಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಗ್ರೀಸ್ ಸಲ್ಲದು, ತೊಂಬತ್ತರ ಗ್ರೇಡಿನ ದಪ್ಪ ಗೇರ್ ಆಯಿಲ್ಲೇ ಬೇಕು. ಗ್ರೀಸ್ ಕ್ರಮೇಣ ಗಟ್ಟಿಯಾಗಿ ಎಣ್ಣೆಯ ದಾರಿಯನ್ನು ಮುಚ್ಚುತ್ತದೆ, ಮಳೆನೀರು ಒಳಗೆ ಇಳಿಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ಕೊನೆಗೆ ಪಾರ್ಕಿಂಗ್ ಜಾಗದಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸುವಾಗಲೋ, ಇನ್ನೂ ಕೆಟ್ಟದೆಂದರೆ ಓಡುತ್ತಿರುವಾಗಲೋ ಕಂಬ ತುಂಡಾಗಿ ಚಕ್ರ ಮಗುಚಿ ಬೀಳುತ್ತದೆ. ನಾನು ಕಾರು ಕೊಂಡ ಮೊದಲ ವರ್ಷ, ಸರ್ವೀಸಿಗೆ ಕೊಟ್ಟ ಗ್ಯಾರೇಜಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ಎರಡೂ ಬದಿಗೆ ಗ್ರೀಸ್ ತುಂಬಿಸಿಬಿಟ್ಟಿದ್ದರು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಾಗ ಬಂದದ್ದು ಕಾಫಿ ಗಷ್ಟಿನಂತಹ ಕಂದು ಕೆಸರು.

ಎಣ್ಣೆ ಕೊಡುವ ಕ್ರಮ ಹೀಗಿದೆ. ಕಾರನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಬೇಕು. ಟ್ರನಿಯನ್‌ನಲ್ಲಿರುವ ಸಣ್ಣ ಪ್ಲಗ್ ತೆಗೆದು ಅದರ ಜಾಗಕ್ಕೆ ಗ್ರೀಸ್ ನಿಪ್ಪಲ್ ಹಾಕಿ, ಗೇರ್ ಆಯಿಲ್ ತುಂಬಿಸಿದ ಗನ್ನಿನಿಂದ ನಿಧಾನವಾಗಿ ಒತ್ತುತ್ತಾ, ಯಾರಾದರೂ ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಿರಲಿ. ಮೇಲಿನ ರಬ್ಬರ್ ಸೀಲಿನ ಅಂಚಿನಲ್ಲಿ ಮೊದಲು ಕಪ್ಪು, ಆಮೇಲೆ ಜೇನಿನ ಬಣ್ಣದ ಎಣ್ಣೆ ಜಿನುಗಿದರೆ ಕೆಲಸ ಆಯಿತು. ನಾನು ಇದನ್ನು 2,000 ಕಿ.ಮೀ.ಗೊಮ್ಮೆ ಮಾಡುತ್ತೇನೆ, ಓಡಲಿ ಓಡದಿರಲಿ, ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಒಂದು ಸಲ ಆಗಲೇಬೇಕು. ಎಡ ಮತ್ತು ಬಲದ ಮರೆಗಳು ಪರಸ್ಪರ ವಿರುದ್ಧ ದಿಕ್ಕಿನವು ಎಂಬುದನ್ನು ಬಿಚ್ಚುವಾಗ ಮರೆಯಬಾರದು.

ಇಂಜಿನ್ ಸ್ವಭಾವತಃ ಸಾಧು. ಅದರ ಒಂದು ದೌರ್ಬಲ್ಯವನ್ನು ಮಾತ್ರ ಮಾರುವವರ ಮುಂದೆಯೇ ಪರೀಕ್ಷಿಸಬೇಕು. ಇಂಜಿನ್ ಆಫ್ ಮಾಡಿ, ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರುವಾಗ ಇನ್ನೊಬ್ಬರು ಮುಂಭಾಗದ ಪುಲ್ಲಿಯನ್ನು ಗಮನಿಸಲಿ. ಪುಲ್ಲಿ ಹಿಂದೆ ಮುಂದೆ ಸರಿಯುವುದು ಬರಿಗಣ್ಣಿಗೆ ಕಂಡರೆ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ವಾಷರುಗಳು, ಅಂದರೆ ಕ್ಲಚ್ ಒತ್ತಿದಾಗಿನ ತಳ್ಳನ್ನು ತಾಳುವ ಬಿಲ್ಲೆಗಳು, ಸವೆದಿವೆ. ಅವು ಕಳಚಿ ಬಿದ್ದರೆ ಶಾಫ್ಟ್ ನೇರವಾಗಿ ಬ್ಲಾಕನ್ನೇ ಉಜ್ಜುತ್ತದೆ, ಆಮೇಲೆ ರಿಪೇರಿಯ ಮಾತು ದುಬಾರಿ. ಸಿಗ್ನಲಿನಲ್ಲಿ ಕ್ಲಚ್ ಒತ್ತಿಕೊಂಡೇ ನಿಲ್ಲುವ ಅಭ್ಯಾಸ ಇದ್ದವರು ಮಂಗಳೂರಿನ ಪಂಪ್‌ವೆಲ್ ವೃತ್ತ ತಲಪುವ ಮೊದಲೇ ಅದನ್ನು ಬಿಡುವುದು ಒಳ್ಳೆಯದು. ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ.

ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು ಮತ್ತು ಪೆಟ್ರೋಲ್ ಪಂಪಿನ ಪೊರೆ ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಸೋರುವುದು ಎಂದರೆ ಬೆಂಕಿಗೆ ಕರೆಕೊಟ್ಟಂತೆ. ಆದ್ದರಿಂದ ಪೈಪುಗಳನ್ನೆಲ್ಲ ಎಥೆನಾಲ್ ತಾಳುವ ಗುಣಮಟ್ಟಕ್ಕೆ ಬದಲಿಸುವುದನ್ನು ಮೊದಲ ವಾರದ ಕೆಲಸವಾಗಿ ಇಟ್ಟುಕೊಳ್ಳಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ನೀರು ಸೇರುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿಯೂ ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡಿ ಚೆನ್ನಾಗಿ ಬಿಸಿಯಾಗುವ ತನಕ ಬಿಡಿ. ಬ್ರೇಕ್ ಆಯಿಲ್ ಕೂಡ ನಮ್ಮ ತೇವದ ಹವೆಯಲ್ಲಿ ನೀರು ಹೀರಿಕೊಂಡು ವೀಲ್ ಸಿಲಿಂಡರುಗಳನ್ನು ಒಳಗಿನಿಂದ ತುಕ್ಕು ಹಿಡಿಸುವುದರಿಂದ ನಾನು ಅದನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಹಿಂಬದಿಯ ಚಕ್ರಗಳು ಅಡ್ಡವಾಗಿ ಕೂತ ಒಂದೇ ಪಟ್ಟಿ ಸ್ಪ್ರಿಂಗಿನ ಮೇಲೆ ಸ್ವತಂತ್ರವಾಗಿ ತೂಗುತ್ತವೆ. ಈ ವ್ಯವಸ್ಥೆ ನಮ್ಮ ಗ್ರಾಹಕರಿಗೆ ಅಷ್ಟಾಗಿ ಹಿಡಿಸದ ಕಾರಣ ಮುಂದೆ ಬಂದ ಗಜೆಲ್ ಮಾದರಿಗೆ ಸಾಮಾನ್ಯ ಆಕ್ಸಲ್ ಹಾಕಲಾಯಿತು. ಆಗುಂಬೆ ಘಾಟಿಯ ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಬಾಲ ಜಾರುತ್ತದೆ. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು.

ಖರ್ಚಿನ ವಿಷಯದಲ್ಲಿ ಟಯರ್ ಸಮಸ್ಯೆಯೇ ಅಲ್ಲ. ಹದಿಮೂರು ಇಂಚಿನ ರಿಮ್ಮಿಗೆ ಈಗಿನ ಸಣ್ಣ ಕಾರುಗಳ ಟಯರ್ ಹೊಂದುತ್ತದೆ. ಆಯಿಲ್ ಸೀಲುಗಳನ್ನು ಅಳತೆ ಹೇಳಿ ಬಂದರಿನ ಬೋಟ್ ಇಂಜಿನ್ ಸಾಮಾನಿನ ಅಂಗಡಿಗಳಲ್ಲಿ ಹುಡುಕಬಹುದು, ಬುಷ್‌ಗಳನ್ನು ಯೆಯ್ಯಾಡಿ ಅಥವಾ ಬೈಕಂಪಾಡಿಯ ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು. ಟ್ರನಿಯನ್, ಥ್ರಸ್ಟ್ ವಾಷರ್, ಗಾಸ್ಕೆಟ್ ಸೆಟ್‌ಗಳನ್ನು ಇಂಗ್ಲೆಂಡಿನಿಂದಲೇ ತರಿಸುವುದು ವಾಸಿ; ಅಲ್ಲಿ ಟ್ರಯಂಫ್ ಬಿಡಿಭಾಗಗಳು ಈಗಲೂ ಹೊಸದಾಗಿ ತಯಾರಾಗುತ್ತವೆ. ಸಾಮಾನಿಗಿಂತ ಸಾಗಣೆ ಮತ್ತು ಸುಂಕ ಭಾರವಾದೀತು, ಆದ್ದರಿಂದ ಪಟ್ಟಿ ಮಾಡಿ ಒಮ್ಮೆಗೇ ತರಿಸಿ. ಕೊಳ್ಳುವ ಬೆಲೆಯಷ್ಟೇ ಹಣ ಮೊದಲ ಎರಡು ವರ್ಷಗಳಲ್ಲಿ ಕೆಳಭಾಗಕ್ಕೇ ಹೋಗುತ್ತದೆ ಎಂದುಕೊಂಡು ಹೊರಡುವವರಿಗೆ ನಿರಾಸೆ ಕಡಿಮೆ.

ಕಾಗದಪತ್ರದಲ್ಲಿ ಒಂದು ಆಯ್ಕೆ ಇದೆ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ಹೀಗೆ ನೋಂದಾಯಿಸಿದ ಕಾರುಗಳ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ಶೇ. 50 ರಿಯಾಯಿತಿಯೂ ಬಂತು. ಆದರೆ ಅಂತಹ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ರಿಪೇರಿಯಂತಹ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಕಟೀಲಿಗೋ ಕಾಪು ಬೀಚಿಗೋ ಹೋಗಿ ಬರುವ ಆಸೆ ನಿಮ್ಮದಾದರೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡು, ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸುತ್ತಾ ಹೋಗಿ. ಹಳೆಯ ಆರ್‌ಸಿಯಲ್ಲಿನ ಚಾಸಿ ನಂಬರ್ ಕಾರಿನ ಮೇಲಿನ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂಬುದನ್ನು ಮಾತ್ರ ಮುಂಗಡ ಹಣ ಕೊಡುವ ಮೊದಲೇ, ತುಕ್ಕು ಉಜ್ಜಿ, ಕಣ್ಣಾರೆ ಓದಿಕೊಳ್ಳಿ.