ಒಲೆ ಹತ್ತಿಸಿದ ಮೇಲೆ ಸರಿಹೋದ ಆಟದ ಹಿಟ್ಟು

ಮಕ್ಕಳು ಜೇಡಿಮಣ್ಣಿನ ಹಾಗೆ ಒತ್ತಿ ಆಕಾರ ಮಾಡಿ ಆಡುವ ಈ ಹಿಟ್ಟಿಗೆ ಈಗ ಹೆಚ್ಚು ಕಮ್ಮಿ ಮೂರು ತಿಂಗಳು. ಡಬ್ಬಿ ಮುಚ್ಚಳ ತೆಗೆದರೆ ಹುಳಿ ವಾಸನೆ ಇಲ್ಲ, ಬೂಷ್ಟಿಲ್ಲ, ಕೈಗೆ ಅಂಟುವುದಿಲ್ಲ. "ಮನೇಲಿ ಮಾಡಿದ್ದು ಒಂದು ವಾರ ಬಾಳಿದರೆ ಹೆಚ್ಚು, ಸುಮ್ಮನೆ ಅಂಗಡಿಯದ್ದೇ ತರಿಸಿ" ಅಂದಿದ್ದ ಸಹೋದ್ಯೋಗಿ ಮೊನ್ನೆ ತಮ್ಮ ತರಗತಿಗೂ ಒಂದು ಉಂಡೆ ಕೇಳಿಕೊಂಡು ಬಂದರು. ಕೊಟ್ಟೆ, ಆದರೆ ಅವರು ಸ್ವಲ್ಪ ಹೊತ್ತು ಕಾಯುವಂತೆ ಮಾಡಿ ಕೊಟ್ಟೆ.

ನನ್ನ ತರಗತಿಯಲ್ಲಿ ಹದಿನೆಂಟು ಮಕ್ಕಳು. ಅಂಗಡಿಯ ಡಬ್ಬಿ ತಂದರೆ ಮೊದಲ ದಿನವೇ ಎಲ್ಲ ಬಣ್ಣ ಕಲೆಸಿ ಕಂದು ಮಾಡಿರುತ್ತಾರೆ, ಮುಚ್ಚಳ ಹಾಕುವವರು ಯಾರೂ ಇಲ್ಲ, ಮರುದಿನ ಅದು ಕಲ್ಲು. ತಿಂಗಳಿಗೆ ಎರಡು ಸಲ ಹೊಸದು ತರಿಸುತ್ತಿದ್ದೆ, ಅದೂ ಅರ್ಧಕ್ಕರ್ಧ ನನ್ನ ಕೈಯಿಂದಲೇ. ಮನೆಯಲ್ಲೇ ಮಾಡೋಣ ಅಂತ ಹೊರಟದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಜೇಬಿನ ಸಂಕಟದಿಂದ.

ಮೊದಲ ಸಲ ತಣ್ಣೀರಿನಲ್ಲಿ ಮೈದಾ ಕಲೆಸಿ, ಉಪ್ಪಿಗೆ ಜಿಪುಣತನ ಮಾಡಿದೆ. ಎರಡನೇ ದಿನ ಜಿಗುಟು, ನಾಲ್ಕನೇ ದಿನ ಹುಳಿ, ಆರನೇ ದಿನ ಹಸಿರು ಚುಕ್ಕಿ. ಎರಡನೇ ಸಲ ಛಲಕ್ಕೆ ಬಿದ್ದು ಕಲ್ಲುಪ್ಪು ಸುರಿದೆ. ಬೂಷ್ಟೇನೋ ಬರಲಿಲ್ಲ, ಆದರೆ ಹಿಟ್ಟು ಮುಟ್ಟಿದರೆ ಮರಳು ಮುಟ್ಟಿದ ಹಾಗೆ. ಬೆರಳಲ್ಲಿ ಸಣ್ಣ ಗೀರಿದ್ದ ಮಗುವೊಂದು ಉಪ್ಪು ತಾಗಿ ಚೀರಿತು. ಅವತ್ತಿನಿಂದ ಮೊದಲು ಕೈ ನೋಡಿ, ಆಮೇಲೆ ಹಿಟ್ಟು ಕೊಡುತ್ತೇನೆ. ಮೂರನೇ ಸಲ ಕುದಿಯುವ ನೀರು ಹುಯ್ದು ಕಲೆಸಿದೆ. ಇದು ಎರಡು ವಾರ ಚೆನ್ನಾಗಿಯೇ ಇತ್ತು. ಮಳೆ ಹಿಡಿದದ್ದೇ ತಡ, ಹಿಟ್ಟು ಬೆವರತೊಡಗಿತು. ಉಪ್ಪು ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದಲ್ಲ. ಒಣಗಲಿ ಅಂತ ಇನ್ನಷ್ಟು ಮೈದಾ ಸೇರಿಸಿದೆ, ಗಟ್ಟಿಯಾಯಿತು. ಮೆತ್ತಗಾಗಲಿ ಅಂತ ಎಣ್ಣೆ ಸೇರಿಸಿದೆ, ಮೇಜಿನ ಮೇಲಿದ್ದ ಮಕ್ಕಳ ಚಿತ್ರಗಳೆಲ್ಲ ಎಣ್ಣೆ ಕುಡಿದವು. ಅಷ್ಟೂ ತಿಪ್ಪೆಗೆ. ಹಾಳಾದ ಹಿಟ್ಟನ್ನು ರಿಪೇರಿ ಮಾಡಲು ಹೋಗಬೇಡಿ, ಇನ್ನೊಂದಷ್ಟು ಸಾಮಾನು ದಂಡವಾಗುತ್ತದೆ ಅಷ್ಟೇ.

ನಾಲ್ಕನೇ ಸಲ ಒಲೆ ಹತ್ತಿಸಿದೆ. ಲೆಕ್ಕ ಸುಮಾರಾಗಿ ಹೀಗೆ: ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ಲೋಟ ನೀರು, ಎರಡು ದೊಡ್ಡ ಚಮಚ ಎಣ್ಣೆ, ಒಂದೂವರೆ ಸಣ್ಣ ಚಮಚ ಸಿಟ್ರಿಕ್ ಆಸಿಡ್. ಎಲ್ಲರೂ ಕ್ರೀಂ ಆಫ್ ಟಾರ್ಟರ್ ಅನ್ನುವ, ಬೇಕಿಂಗಿಗೆ ಬಳಸುವ ಹುಳಿ ಪುಡಿ ಹಾಕಿ ಅಂತಾರೆ. ನಾನೂ ಒಂದು ಸಲ ತಂದೆ. ಉಳಿದೆಲ್ಲ ಸಾಮಾನಿಗಿಂತ ಆ ಒಂದು ಪೊಟ್ಟಣಕ್ಕೇ ಹೆಚ್ಚು ದುಡ್ಡು. ಹಿಟ್ಟಿಗೆ ಬೇಕಾದದ್ದು ಹುಳಿ, ಅದು ಯಾವುದರಿಂದ ಬಂದರೇನು? ನಿಂಬೆರಸವೂ ನಡೆಯುತ್ತದೆ, ಆದರೆ ಬಹಳ ಬೇಕು, ಅಷ್ಟು ನೀರು ಕಡಿಮೆ ಮಾಡಲು ಮರೆತರೆ ಅಂಬಲಿ.

ಉಪ್ಪನ್ನು ಬಿಸಿನೀರಿನಲ್ಲಿ ಕರಗುವಷ್ಟು ಕರಗಿಸಿ, ಆರಿಸಿ, ಆಮೇಲೆ ಮೈದಾ, ಎಣ್ಣೆ, ಸಿಟ್ರಿಕ್ ಆಸಿಡ್ ಹಾಕಿ ಗಂಟಿಲ್ಲದಂತೆ ಕದಡುತ್ತೇನೆ. ನಂತರ ದಪ್ಪ ತಳದ ಬಾಣಲೆ, ಸಣ್ಣ ಉರಿ, ಮರದ ಸೌಟು. ಮೊದಲೆರಡು ನಿಮಿಷ ಏನೂ ಆಗುವುದಿಲ್ಲ, ಬೇಸರವಾಗುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ತಳದಲ್ಲಿ ಚಿಂದಿ ಚಿಂದಿಯಾಗಿ ಗಟ್ಟಿಯಾಗಿ, ಎಲ್ಲ ಕೆಟ್ಟೇಹೋಯಿತು ಅನ್ನಿಸುತ್ತದೆ. ಕೆಟ್ಟಿಲ್ಲ, ತಿರುವುತ್ತಲೇ ಇರಿ. ಇನ್ನೆರಡು ನಿಮಿಷಕ್ಕೆ ಆ ಚಿಂದಿಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಮುದ್ದೆಯಾಗಿ ಸೌಟಿನ ಹಿಂದೆಯೇ ಸುತ್ತತೊಡಗುತ್ತದೆ. ಬಾಣಲೆಯ ಬದಿ ಒಣಗಿ ಪದರ ಏಳುತ್ತದೆ. ಮುಕ್ಕಾಲು ಪಾಲು ಜನ ಇಲ್ಲಿಯೇ ಒಲೆ ಆರಿಸಿ ಕೆಡಿಸಿಕೊಳ್ಳುವುದು. ಇನ್ನೂ ಒಂದು ನಿಮಿಷ ಇರಲಿ. ಚೂರು ಚಿವುಟಿ, ಆರಿಸಿ, ಬೆರಳ ನಡುವೆ ಒತ್ತಿ ನೋಡಿ. ಬೆರಳಿಗೆ ಒಂದಿಷ್ಟೂ ಅಂಟಬಾರದು, ಕಿವಿಯ ಹಾಲೆ ಹಿಸುಕಿದ ಹಾಗಿರಬೇಕು. ಒಲೆ ಆರಿಸುವ ಹೊತ್ತಿಗೆ ಅರ್ಧ ಚಮಚ ಗ್ಲಿಸರಿನ್, ಜೊತೆಗೆ ಇನ್ನೊಂದು ಸಾಮಾನು. ಆ ಎರಡನೆಯದು ನನ್ನ ಹತ್ತಿರವೇ ಇರಲಿ. ಅದಿಲ್ಲದಿದ್ದರೂ ಹಿಟ್ಟು ಕೆಡುವುದಿಲ್ಲ, ಇಷ್ಟು ನುಣುಪು ಬರುವುದಿಲ್ಲ ಅಷ್ಟೇ.

ಕೈ ತಾಳುವಷ್ಟು ಬಿಸಿ ಇರುವಾಗ ಐದು ನಿಮಿಷ ನಾದಬೇಕು. ಪೂರ್ತಿ ತಣ್ಣಗಾಗದೆ ಡಬ್ಬಿಗೆ ಹಾಕಬಾರದು. ಹೀಗೆ ಚೆನ್ನಾಗಿ ಬೆಂದಿದ್ದ ಒಂದು ಪಾಕವನ್ನು ಬಿಸಿಬಿಸಿಯಾಗಿಯೇ ಮುಚ್ಚಿಟ್ಟು ಕಳೆದುಕೊಂಡಿದ್ದೇನೆ. ಮುಚ್ಚಳದ ಒಳಗೆ ನೀರಹನಿ ಕಟ್ಟಿ, ಹನಿ ಬಿದ್ದ ಜಾಗದಲ್ಲೇ ಬೂಷ್ಟು ಎದ್ದಿತ್ತು.

ದುಡ್ಡಿನ ವಿಷಯ ಹೇಳಲೇಬೇಕು. ಒಂದು ಸಲಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಹಿಟ್ಟು ಆಗುತ್ತದೆ, ಅಂದರೆ ಅಂಗಡಿಯ ಸಣ್ಣ ಡಬ್ಬಿಗಳಲ್ಲಿ ಏಳೆಂಟು. ಖರ್ಚು ಅಂಥ ಒಂದು ಡಬ್ಬಿಯಷ್ಟೂ ಇಲ್ಲ. ನನ್ನ ಲೆಕ್ಕದಲ್ಲಿ ಗ್ಯಾಸು ಸೇರಿಲ್ಲ, ಹಾಳು ಮಾಡಿದ ಪಾಕಗಳಂತೂ ಸೇರೇ ಇಲ್ಲ.

ಬಣ್ಣದಲ್ಲಿಯೂ ಪೆಟ್ಟು ತಿಂದಿದ್ದೇನೆ. ಬೀಟ್‌ರೂಟ್ ರಸ ಒಲೆಯ ಮೇಲೆ ಮಂಕಾಗಿ ಕೊನೆಗೆ ಮಣ್ಣಿನ ಬಣ್ಣಕ್ಕಿಳಿಯಿತು. ಅರಿಶಿನದ ಹಳದಿ ನೋಡಲು ಬಲು ಚೆಂದ, ಆದರೆ ಮಕ್ಕಳು ಸೋಪು ಹಚ್ಚಿದ್ದೇ ಅಂಗೈಯೆಲ್ಲ ಕೆಂಪು. "ಮಿಸ್, ರಕ್ತ!" ಅಂತ ಒಬ್ಬಳು ಓಡಿ ಬಂದಳು. ಈಗ ಕೇಕಿಗೆ ಹಾಕುವ ಜೆಲ್ ಬಣ್ಣವೇ.

ಒಂದು ದಿನ ಒಬ್ಬ ಪುಟ್ಟ ಈ ಉಂಡೆಯನ್ನು ಗೋಡೆಗೆ ಒತ್ತಿ ಒತ್ತಿ ಪೆನ್ಸಿಲ್ ಗೀಟು ತೆಗೆಯುತ್ತಿದ್ದ. ಬೈಯಲು ಹೋದವಳು ಸುಮ್ಮನಾದೆ. ಅಂಗಡಿಯಲ್ಲಿ ಸಿಗುವ ಪ್ಲೇ-ಡೋ ಎಂಬ ಆಟದ ಹಿಟ್ಟು ಹುಟ್ಟಿದ್ದೇ ಹಾಗಲ್ಲವೇ? ಅಮೆರಿಕದ ಸಿನ್ಸಿನಾಟಿಯಲ್ಲಿ ಗೋಡೆಗೆ ಅಂಟಿಸುವ ಅಲಂಕಾರದ ಕಾಗದಕ್ಕೆ ಹಿಡಿದ ಕಲ್ಲಿದ್ದಲ ಮಸಿ ಒರೆಸಲು ಮಾರುತ್ತಿದ್ದ ಹಿಟ್ಟು ಅದು. ಕೇ ಜುಫಾಲ್ ಎಂಬ ಶಿಶುವಿಹಾರದ ಶಿಕ್ಷಕಿ ಮಕ್ಕಳ ಕೈಗೆ ಕೊಟ್ಟು ನೋಡಿದ ಮೇಲೆ, 1956ರಲ್ಲಿ ಆಟಿಕೆಯಾಗಿ ಮಾರುಕಟ್ಟೆಗೆ ಬಂತು. ಟೀಚರ ತಲೆಯೇ ಓಡಿದ್ದು ಅಂತ ನನಗೊಂದು ಹೆಮ್ಮೆ.

ಇನ್ನೊಂದು ಹುಚ್ಚಾಟವನ್ನೂ ಮಾಡಿದೆ. ಉಪ್ಪು ಹಿಟ್ಟಿನಲ್ಲಿ ಕರೆಂಟು ಹರಿಯುತ್ತದೆ. ಎರಡು ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, 9 ವೋಲ್ಟ್ ಬ್ಯಾಟರಿಯ ಒಂದೊಂದು ತಂತಿಯನ್ನು ಒಂದೊಂದಕ್ಕೆ ಚುಚ್ಚಿ, ಎಲ್‌ಇಡಿ ಎಂಬ ಪುಟ್ಟ ದೀಪದ ಒಂದೊಂದು ಕಾಲನ್ನು ಒಂದೊಂದು ಉಂಡೆಗೆ ಊರಿದರೆ ಅದು ಹೊತ್ತುತ್ತದೆ. ಉದ್ದದ ಕಾಲು ಪ್ಲಸ್ ಕಡೆಗೆ. ಉಂಡೆಗಳನ್ನು ಕೂಡಿಸಿದರೆ ತಟ್ಟನೆ ಆರುತ್ತದೆ. ದೊಡ್ಡ ಮಕ್ಕಳು ಅರ್ಧ ಗಂಟೆ ಕೂಡಿಸಿ ಬಿಡಿಸಿ ಅದನ್ನೇ ಆಡಿದರು. ಎಲ್‌ಇಡಿಯನ್ನು ನೇರ ಬ್ಯಾಟರಿಗೆ ಮುಟ್ಟಿಸಬೇಡಿ, ನನ್ನದೊಂದು ಸುಟ್ಟಿತು. ಉಪ್ಪಿನ ಬದಲು ಸಕ್ಕರೆ, ನಲ್ಲಿ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಹಾಕಿದ ಹಿಟ್ಟು ಕರೆಂಟನ್ನು ತಡೆಯುತ್ತದೆ ಅಂತ ಅದನ್ನೂ ಮಾಡಿಟ್ಟೆ. ಬೆಳಿಗ್ಗೆ ನೋಡಿದರೆ ಇರುವೆಗಳ ಮೆರವಣಿಗೆ.

ನಾಯಿ ಇರುವ ಮನೆಗೆ ಮಾತ್ರ ಇದನ್ನು ಕೊಟ್ಟು ಕಳಿಸುವುದಿಲ್ಲ. ಇಷ್ಟು ಉಪ್ಪು ನಾಯಿಯ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೂ ಕೊಡುವುದಿಲ್ಲ.

ಗೋಧಿ ಆಗದ ಮಗುವೊಂದು ಈ ವರ್ಷ ಸೇರಿದೆ. ಮೈದಾವೂ ಗೋಧಿಯೇ ಆದ್ದರಿಂದ ಅವನು ಮೂಲೆಯಲ್ಲಿ ಮಣಿ ಪೋಣಿಸುತ್ತಾ ಕೂರುತ್ತಾನೆ. ಅವನಿಗಾಗಿ ಅಕ್ಕಿ ಹಿಟ್ಟಿನಲ್ಲಿ ಮಾಡಲು ಹಿಡಿದಿದ್ದೇನೆ. ಎರಡು ಪಾಕ ಆಯಿತು, ಎರಡೂ ಒತ್ತಿದರೆ ಬಿರುಕು. ಮೂರನೆಯದಕ್ಕೆ ಅರ್ಧ ಕಾರ್ನ್‌ಫ್ಲೋರ್ ಬೆರೆಸಿ ಬಾಣಲೆ ಇಟ್ಟಿದ್ದೇನೆ. ಸಹೋದ್ಯೋಗಿ ಬಾಗಿಲಲ್ಲಿ ನಿಂತು, "ಇದಂತೂ ಆಗಲ್ಲ ಬಿಡಿ" ಅಂತಿದ್ದಾರೆ.